ಎರೆಭೂಮಿಯ ಎರಡು ಸೊರಗು ರೋಗಗಳು

ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಗಳ ಎರೆಭೂಮಿಯಲ್ಲಿ ಹತ್ತಿಯೂ ಕಡಲೆಯೂ ಬಹುಕಾಲದಿಂದ ನೆರೆಹೊರೆಯ ಬೆಳೆಗಳಾಗಿವೆ. ಈ ಎರಡರಲ್ಲಿಯೂ ಒಂದೇ ಬಗೆಯ ಹಾನಿಯನ್ನು ರೈತರು ಕಂಡಿರುವರು: ಹಸುರಾಗಿದ್ದ ಗಿಡ ಇದ್ದಕ್ಕಿದ್ದಂತೆ ಜೋತುಬಿದ್ದು, ಕೆಲವೇ ದಿನಗಳಲ್ಲಿ ಒಣಗಿಹೋಗುವುದು, ಬುಡವನ್ನು ಸೀಳಿ ನೋಡಿದರೆ ಒಳಗೆ ಕಂದುಗಪ್ಪು ಗೆರೆ. ಇದೇ ಸೊರಗು ರೋಗ. ಕಲಬುರಗಿಯ ಕಡೆ ಇದನ್ನು ನೆಟೆ ರೋಗವೆನ್ನುವರು. ಆದರೆ ಹತ್ತಿಯನ್ನು ಸೊರಗಿಸುವ ಶಿಲೀಂಧ್ರ ಕಡಲೆಯನ್ನು ಸೊರಗಿಸದು; ಕಡಲೆಯದು ಹತ್ತಿಯ ಗೊಡವೆಗೆ ಹೋಗದು. ಸೂಕ್ಷ್ಮದರ್ಶಕದ ಕೆಳಗಾದರೋ ಇವೆರಡನ್ನೂ ಬೇರ್ಪಡಿಸುವುದು ಸಾಧ್ಯವಿಲ್ಲ. ಈ ತೊಡಕು ಹೇಗೆ ಸಡಿಲವಾಯಿತೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಮೊದಲು ವಿದ್ವಾಂಸರ ಗಮನ ಸೆಳೆದದ್ದು ಹತ್ತಿ. ಅಮೆರಿಕದಲ್ಲಿ ಆಟ್ಕಿನ್‌ಸನ್ನನು 1892ರಲ್ಲಿಯೇ ಹತ್ತಿಯ ಸೊರಗಿಗೆ ಫ್ಯುಸೇರಿಯಮ್ ಜಾತಿಯ ಶಿಲೀಂಧ್ರ ಕಾರಣವೆಂದು ತೋರಿಸಿದ್ದನು. ನಮ್ಮಲ್ಲಿ ಈ ರೋಗವು ಹಣದ ಪ್ರಶ್ನೆಯಾಗಿತ್ತು. ಧಾರವಾಡ ಸೀಮೆಯಲ್ಲಿ ಬೆಳೆದ ಹತ್ತಿ ಕುಮಟಾ ಬಂದರಿನಿಂದ ಹಡಗೇರುತ್ತಿದ್ದುದರಿಂದ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರಾಯಿತು. ಬೆಳೆದ ಊರು ಮರೆಯಾಗಿ ಸಾಗಿಸಿದ ಊರು ಉಳಿಯಿತು. 1921ರಲ್ಲಿ ಭಾರತೀಯ ಕೇಂದ್ರ ಹತ್ತಿ ಸಮಿತಿ ಸ್ಥಾಪನೆಯಾದ ಮೇಲೆ ಧಾರವಾಡದಲ್ಲಿ ಸೊರಗಿನ ವ್ಯವಸ್ಥಿತ ಅಧ್ಯಯನ ನಡೆಯಿತು. ಜಿ. ಎಸ್. ಕುಲಕರ್ಣಿ ಮತ್ತು ಬಿ. ಬಿ. ಮುಂಡ್ಕೂರ ಇವರು ಮುಂಬಯಿ ಕರ್ನಾಟಕದ ಹತ್ತಿಯ ಸೊರಗು ರೋಗವನ್ನು ಕುರಿತು 1928ರಲ್ಲಿ ಪ್ರಬಂಧ ಪ್ರಕಟಿಸಿದರು. ಇದೇ ಮುಂಡ್ಕೂರರು 1947ರಲ್ಲಿ ಭಾರತೀಯ ಸಸ್ಯರೋಗಶಾಸ್ತ್ರ ಸಂಘದ ಸ್ಥಾಪನೆಗೆ ಕಾರಣರಾದರೆಂಬುದು ಸ್ಮರಣೀಯ. ರೋಗವನ್ನು ಮಣ್ಣಿನಿಂದ ಓಡಿಸುವುದು ಅಸಾಧ್ಯವೆಂದು ಕಂಡಾಗ ತಳಿಯ ಕಡೆ ದೃಷ್ಟಿ ಹೊರಳಿತು. ಸೊರಗನ್ನು ತಡೆದುಕೊಳ್ಳುವ ಜಯವಂತ ತಳಿ ಈ ಪ್ರಯತ್ನದ ಫಲ.

ಕಡಲೆಯ ಸರದಿ ತಡವಾಗಿ ಬಂದಿತು. ಬಟ್ಲರನು 1918ರಲ್ಲಿ ಈ ಬೆಳೆಯ ಸೊರಗನ್ನು ವರ್ಣಿಸಿದ್ದರೂ, ಅದರ ಶಿಲೀಂಧ್ರವನ್ನು ಹೆಸರಿಸಿದವನು 1940ರಲ್ಲಿ ಪ್ಯಾಡ್‌ವಿಕ್. ಅದೇ ವರ್ಷ ಸ್ನೈಡರ್ ಮತ್ತು ಹ್ಯಾನ್‌ಸನ್ ಎಂಬ ವಿದ್ವಾಂಸರು ಇಂತಹ ಶಿಲೀಂಧ್ರಗಳನ್ನೆಲ್ಲ ಫ್ಯುಸೇರಿಯಮ್ ಆಕ್ಸಿಸ್ಪೋರಮ್ ಎಂಬ ಒಂದೇ ಜಾತಿಯಲ್ಲಿ ಸೇರಿಸಿ, ಆಶ್ರಯ ಕೊಟ್ಟ ಬೆಳೆಯನ್ನನುಸರಿಸಿ ‘ವಿಶೇಷ ರೂಪ’ಗಳೆಂದು ವಿಂಗಡಿಸಿದರು. ಅನುಕೂಲವಾದ ವಿಂಗಡಣೆಯೇನೋ ಹೌದು. ಆದರೆ ಇದು ಪ್ರಶ್ನೆಗೆ ಹೆಸರು ಕೊಟ್ಟಿತೇ ಹೊರತು ಉತ್ತರ ಕೊಡಲಿಲ್ಲ.

ಇತ್ತ ಅಣ್ಣಿಗೇರಿಯ ನಾಡಕಡಲೆಯಿಂದ ಆಯ್ದು ತೆಗೆದ ಅಣ್ಣಿಗೇರಿ–1 ತಳಿಯು ನಾಲ್ಕು ದಶಕಗಳಿಗೂ ಮಿಕ್ಕು ದಕ್ಷಿಣ ಭಾರತದ ಎರೆಹೊಲಗಳಲ್ಲಿ ಹರಡಿತು. ಈ ಬಾರಿ ಬೆಳೆದ ಊರಿನ ಹೆಸರೇ ಉಳಿಯಿತು. ಆದರೆ ಹೆಸರಿನೊಡನೆ ದೌರ್ಬಲ್ಯವೂ ಸಂಚರಿಸಿತು: ಈ ತಳಿ ಸೊರಗಿಗೆ ಸುಲಭವಾಗಿ ತುತ್ತಾಗುವುದು. ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಹವಾರೆ ಮತ್ತು ನೆನೆ ಅವರು 1982ರಲ್ಲಿ, ಕಡಲೆಯ ಈ ಶಿಲೀಂಧ್ರದಲ್ಲಿಯೇ ನಾಲ್ಕು ಪಂಗಡಗಳಿವೆಯೆಂದು ತೋರಿಸಿದರು. ಆಶ್ರಯಬೆಳೆ ಇಲ್ಲದೆಯೂ ಇದು ಮಣ್ಣಿನಲ್ಲಿ ಆರು ವರ್ಷ ಬದುಕಿರಬಲ್ಲುದೆಂದು ಮುಂದೆ ತಿಳಿದುಬಂದಿತು. ನಾಲ್ಕೆಕರೆಯ ಒಡೆಯನಿಗೆ ಆರು ವರ್ಷ ಕಡಲೆ ಬಿತ್ತಬೇಡವೆಂದು ಹೇಳುವುದು ಸುಲಭ. ಹಿಂಗಾರಿಗೆ ಮತ್ತೇನು ಬಿತ್ತಬೇಕೆಂದು ಹೇಳುವುದು ಸುಲಭವಲ್ಲ.

ಹಳೆಯ ಪ್ರಶ್ನೆಗೆ ಉತ್ತರದ ಸುಳಿವು ದೊರೆತದ್ದು ಅಣುಜೀವವಿಜ್ಞಾನದಿಂದ. ಕಲಘಟಗಿಯಂತಹ ಭತ್ತದ ಸೀಮೆಯವರು ಬಲ್ಲ ಬೆಂಕಿರೋಗದ ಶಿಲೀಂಧ್ರದ ಸಮಗ್ರ ಡಿಎನ್‌ಎ ಲಿಪಿ 2005ರಲ್ಲಿಯೇ ಪ್ರಕಟವಾಗಿತ್ತು. 2010ರಲ್ಲಿ ಟೊಮ್ಯಾಟೊವನ್ನು ಸೊರಗಿಸುವ ಫ್ಯುಸೇರಿಯಮ್ಮಿನ ಲಿಪಿಯನ್ನು ಓದಿದಾಗ, ಅದರ 15 ವರ್ಣತಂತುಗಳಲ್ಲಿ ನಾಲ್ಕು ಇಡಿಯಾಗಿ ಆ ವಂಶಕ್ಕೆ ಮಾತ್ರ ಸೇರಿದವೆಂದು ಕಂಡಿತು. ಉಳಿದವು ಶಿಲೀಂಧ್ರದ ದಿನನಿತ್ಯದ ಬಾಳುವೆಗೆ. ಈ ಹೆಚ್ಚಿನವು ಬೇಟೆಗೆ. ಗಿಡದ ನೀರುನಾಳದೊಳಗೆ ಸ್ರವಿಸುವ ಸಣ್ಣ ಪ್ರೋಟೀನುಗಳ ವಂಶವಾಹಿಗಳು 14ನೆಯ ವರ್ಣತಂತುವಿನಲ್ಲಿದ್ದವು. ನಿರುಪದ್ರವಿಯಾದ ಇನ್ನೊಂದು ಫ್ಯುಸೇರಿಯಮ್ಮಿನೊಡನೆ ಇದನ್ನು ಕೂಡಿ ಬೆಳೆಸಿದಾಗ ಆ ವರ್ಣತಂತು ಅದರೊಳಕ್ಕೆ ದಾಟಿತು. ಸಾಧುವಾಗಿದ್ದುದು ಟೊಮ್ಯಾಟೊವನ್ನು ಸೊರಗಿಸತೊಡಗಿತು! ಪ್ರಯೋಗ ನಡೆದದ್ದು ಟೊಮ್ಯಾಟೊವಿನ ರೂಪದ ಮೇಲೆಂಬುದನ್ನು ಮರೆಯಲಾಗದು. ಆದರೂ ಒಂದೇ ಆಕಾರದ ಶಿಲೀಂಧ್ರಗಳು ಬೇರೆ ಬೇರೆ ಬೆಳೆಗಳಿಗೆ ಹಗೆಯಾಗುವ ಬಗೆಗೆ ಇದಕ್ಕಿಂತ ಸಮರ್ಪಕವಾದ ವಿವರಣೆಯನ್ನು ನಾವು ಕಾಣೆವು.

ತಳಿಯ ಕಡೆಯಿಂದಲೂ ಕೆಲಸ ಸಾಗಿತು. 2013ರಲ್ಲಿ ಕಡಲೆಯ ಡಿಎನ್‌ಎ ಲಿಪಿ ಪ್ರಕಟವಾಯಿತು. ಕಲಬುರಗಿಯ ಕೃಷಿ ಸಂಶೋಧನ ಕೇಂದ್ರವೂ ಪಟಾನ್‌ಚೆರುವಿನ ಸಂಸ್ಥೆಯೂ ಕೂಡಿ, ಡಬ್ಲ್ಯೂಆರ್–315 ಎಂಬ ನಿರೋಧಕ ಕಡಲೆಯನ್ನು ಅಣ್ಣಿಗೇರಿ–1ರೊಡನೆ ಸಂಕರಿಸಿ, ಸಂತತಿಯನ್ನು ಮತ್ತೆ ಮತ್ತೆ ಅಣ್ಣಿಗೇರಿಗೇ ಕೂಡಿಸಿದವು. ನಾಲ್ಕನೆಯ ಪಂಗಡದ ವಿರುದ್ಧ ರಕ್ಷಿಸುವ ವಂಶವಾಹಿಯ ನೆರೆಯಲ್ಲಿರುವ ಡಿಎನ್‌ಎ ಗುರುತುಗಳನ್ನು ನೋಡಿಯೇ ಸಸಿಗಳನ್ನು ಆಯ್ದುದರಿಂದ, ಪ್ರತಿ ತಲೆಮಾರನ್ನೂ ರೋಗದ ಹೊಲದಲ್ಲಿ ಬೆಳೆದು ಕಾಯುವ ಅಗತ್ಯ ತಪ್ಪಿತು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಇಳುವರಿಯೂ ಹಳೆಯದಕ್ಕಿಂತ ಸುಮಾರು 7 ಪ್ರತಿಶತ ಹೆಚ್ಚು. ಹೊಸ ತಳಿಗೆ ‘ಸೂಪರ್ ಅಣ್ಣಿಗೇರಿ–1’ ಎಂದು ಹೆಸರಿಟ್ಟರು. ಅಣ್ಣಿಗೇರಿ ಎಂದಿದ್ದರೆ ಸಾಕಾಗಿತ್ತೆಂದು ನಮಗೆ ತೋರುವುದು. ಇನ್ನು, ಸಂಕರದಲ್ಲಿ ಗುರಿಯಾಗಿದ್ದುದು ಒಂದು ಪಂಗಡ, ಮಣ್ಣಿನಲ್ಲಿರುವವು ಹಲವು. ಯಾವ ಹೊಲದಲ್ಲಿ ಯಾವುದು ನೆಲೆಸಿದೆಯೆಂಬುದನ್ನು ಸೊರಗಿದ ಗಿಡದ ಬೇರಿನಿಂದ ಶಿಲೀಂಧ್ರವನ್ನು ತೆಗೆದು ಊರೂರಿಗೆ ಪರೀಕ್ಷಿಸಿಯೇ ತಿಳಿಯಬೇಕು. ನವಲಗುಂದ, ಅಣ್ಣಿಗೇರಿಗಳ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಗಳಿಗೆ ಈ ಕೆಲಸ ದೂರದ್ದಲ್ಲ.