ಹುರಿದ ತರಕಾರಿ: ಒಂದೇ ತಯಾರಿ, ಮೂರು ಬಗೆಯ ಊಟ

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿ ಸಂಜೆಯ ಅಡುಗೆಗೆ ಸಿಗುವ ಸಮಯ ಕಡಿಮೆ. ಮೊದಲೇ ತರಕಾರಿ ಹುರಿದಿಟ್ಟರೆ ಉಳಿದ ಕೆಲಸ ಬೇಗ ಮುಗಿಯುತ್ತದೆ. ನೀರಿನಂಶ ಆರಿ ಅಂಚು ಕೆಂಪಾದಾಗ ಬರುವ ಪರಿಮಳದಿಂದ ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆಯೂ ರುಚಿ ಕೂಡುತ್ತದೆ.

ಮೂಲ ತಯಾರಿ (4 ಜನರಿಗೆ)
1 ಹೀರೆಕಾಯಿ, 2 ದೊಡ್ಡ ಮೆಣಸಿನಕಾಯಿ, 3 ಟೊಮೆಟೊ, 3 ಹಸಿಮೆಣಸಿನಕಾಯಿ. ಬಹುಬೀಜವೆಂದು ಅನೇಕರು ಬಿಡುವ ಬದನೆಕಾಯಿ ಬೇಡ. ಯಾವುದನ್ನೂ ಇಡಿಯಾಗಿ ಸುಡಬಾರದು. ಸೀಳಿ, ಬೆಳಕಿನಲ್ಲಿ ಹುಳು ಇಲ್ಲವೆಂದು ನೋಡಿಯೇ ಹೆಚ್ಚಬೇಕು. 2 ಚಮಚ ಎಣ್ಣೆಯಲ್ಲಿ, ಮುಚ್ಚಳ ಹಾಕದೆ, ಕೆಂಪಗಾಗುವವರೆಗೆ ಹುರಿಯಿರಿ. ಉಪ್ಪನ್ನು ಕೊನೆಗೆ ಹಾಕಿ; ಮೊದಲೇ ಹಾಕಿದರೆ ನೀರು ಬಿಟ್ಟು ತರಕಾರಿ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ.

ರೊಟ್ಟಿಗೆ: ಹುರಿದ ಶೇಂಗಾ, ಜೀರಿಗೆ ಸೇರಿಸಿ ತರಿತರಿಯಾಗಿ ಕುಟ್ಟಿದರೆ ಜೋಳದ ರೊಟ್ಟಿಗೆ ಚಟ್ನಿ.

ಅನ್ನಕ್ಕೆ: ಬೆಂದ ತೊಗರಿಬೇಳೆಗೆ ಬೆರೆಸಿ, ಹುಣಸೆ ರಸ, ಚೂರು ಬೆಲ್ಲ ಹಾಕಿ ಕುದಿಸಿ. ಇಂಗಿನ ಒಗ್ಗರಣೆ ಕೊಡಿ.

ಮೊಸರಿನೊಂದಿಗೆ: ಆರಿದ ಮೇಲೆ ಮೊಸರಿಗೆ ಕಲಸಿದರೆ ಪಚಡಿ. ಇಲ್ಲಿ ದ್ವಿದಳದ ಎಚ್ಚರ ಬೇಕು. ಅಭ್ಯಾಸಬಲದಿಂದ ಒಗ್ಗರಣೆಗೆ ಉದ್ದಿನಬೇಳೆ, ಕಡಲೆಬೇಳೆ ಹಾಕಬೇಡಿ. ಸಾಸಿವೆ, ಜೀರಿಗೆ, ಕರಿಬೇವು ಸಾಕು. ಅದೇ ಊಟಕ್ಕೆ ಬೇಳೆ ಸಾರನ್ನೂ ಬಡಿಸಬೇಡಿ.

ಗಮನಿಸಿ: ಅಷ್ಟಮಿ, ಚತುರ್ದಶಿಯಂದು ಹಸಿರು ತರಕಾರಿ ಬಿಡುವವರು ಅಂದು ಶೇಂಗಾ ಚಟ್ನಿಪುಡಿ, ಬೇಳೆ ಸಾರು ಮಾಡಿಕೊಳ್ಳಬಹುದು. ಹುರಿದದ್ದನ್ನು ಮರುದಿನಕ್ಕೆ ಉಳಿಸದೆ, ಆ ದಿನಕ್ಕೆ ಬೇಕಾದಷ್ಟೇ ಮಾಡಿ.