ತಾಳೆ ನೋಡದ ಸ್ಥಿರತೆ: ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್‌ಗಳ ಹವ್ಯಾಸಿ ಪರೀಕ್ಷೆಯ ಬಗ್ಗೆ ಒಂದು ಟಿಪ್ಪಣಿ

1. ಪ್ರಶ್ನೆ

ಪ್ರೊಸೆಸರನ್ನು ತಯಾರಕರು ಗೊತ್ತುಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದಕ್ಕೆ ಓವರ್‌ಕ್ಲಾಕ್ ಮಾಡುವುದು ಎನ್ನುತ್ತಾರೆ. ಹಾಗೆ ಓಡಿಸಿದ ಯಂತ್ರ ಸ್ಥಿರವಾಗಿದೆಯೇ ಎಂದು ತಿಳಿಯಲು ಹವ್ಯಾಸಿಗಳಲ್ಲಿ ಒಂದು ರೂಢಿ ಬೆಳೆದಿದೆ. ಭಾರಿ ಲೆಕ್ಕ ಮಾಡಿಸುವ ತಂತ್ರಾಂಶವೊಂದನ್ನು 24 ಗಂಟೆ ಬಿಡದೆ ಓಡಿಸುತ್ತಾರೆ. ಯಂತ್ರ ಹ್ಯಾಂಗ್ ಆಗದೆ, ತಪ್ಪು ತೋರಿಸದೆ ಓಡಿದರೆ ಪಾಸು. ಹೀಗೆ ಪಾಸಾದದ್ದರಿಂದ ನಿಜವಾಗಿ ಏನು ಸಾಬೀತಾಗುತ್ತದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಬಂಡೀಪುರ ಹುಲಿ ರಕ್ಷಿತಾರಣ್ಯದ ಒಂದು ವಲಯಕ್ಕೆ ಹೆಸರು ಕೊಟ್ಟ ಎನ್. ಬೇಗೂರಿನಂಥ ಕಾಡಂಚಿನ ಊರಿನಲ್ಲಿ ಕೂತು ಇದನ್ನು ಕೇಳುವುದಕ್ಕೆ ಕಾರಣವಿದೆ. ಇಂಥ ಊರುಗಳಿಗೆ ಕಂಪ್ಯೂಟರ್ ಮೈಸೂರಿನ ಅಂಗಡಿಯಿಂದಲೋ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಸೆಕೆಂಡ್ ಹ್ಯಾಂಡಾಗಿ ಬಂದಿದ್ದರೆ, ಹಿಂದಿನವರು ಬಯೋಸ್‌ನಲ್ಲಿ, ಅಂದರೆ ಯಂತ್ರದ ಮೂಲ ಹೊಂದಾಣಿಕೆಗಳಲ್ಲಿ, ಯಾವ ವೇಗ, ಎಷ್ಟು ವೋಲ್ಟೇಜ್ ಇಟ್ಟಿದ್ದರೆಂಬುದು ಕೊಂಡವರಿಗೆ ಗೊತ್ತಿರುವುದಿಲ್ಲ. ಅಂಥ ಯಂತ್ರದ ಮೇಲೆ ಸಂಘದ ಲೆಕ್ಕ, ಮಕ್ಕಳ ಅಂಕಪಟ್ಟಿ, ಮನೆಯ ಹಳೆಯ ಫೋಟೊಗಳು ಕೂಡುತ್ತವೆ. ಅದು ಸ್ಥಿರವೆಂಬ ಮಾತನ್ನು ಎಷ್ಟು ನಂಬಬಹುದು ಎಂಬುದು ಆಗ ಹವ್ಯಾಸಿಗಳಿಗಷ್ಟೇ ಸೇರಿದ ಕುತೂಹಲವಾಗಿ ಉಳಿಯುವುದಿಲ್ಲ.

2. ವೇಗದ ಮಿತಿ ಎಲ್ಲಿಂದ ಬರುತ್ತದೆ

ಮನೆಗೆ ತಾರಸಿ ಹಾಕುವ ದಿನ ಆಳುಗಳು ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಎಲ್ಲರ ಕೈಯೂ ಒಂದೇ ಲಯದಲ್ಲಿ ಆಡಬೇಕು. ಲಯ ತೀರಾ ಚುರುಕಾದರೆ ಯಾರದೋ ಕೈ ಸಮಯಕ್ಕೆ ಸಿಗುವುದಿಲ್ಲ. ಬಾಂಡಲಿಯೇ ಬಿದ್ದರೆ ಎಲ್ಲರಿಗೂ ಕಾಣುತ್ತದೆ, ಕೆಲಸ ನಿಲ್ಲುತ್ತದೆ. ಒಂದು ಹಿಡಿ ಚೆಲ್ಲಿದರೆ ಯಾರಿಗೂ ತಿಳಿಯುವುದಿಲ್ಲ, ಬಾಂಡಲಿ ಮುಂದೆ ಹೋಗುತ್ತದೆ.

ಪ್ರೊಸೆಸರಿನ ಒಳಗೆ ಸಂಕೇತಗಳು ದಾಟುವುದೂ ಹೀಗೆಯೇ. 5 ಗಿಗಾಹರ್ಟ್ಸ್ ವೇಗದಲ್ಲಿ ಗಡಿಯಾರದ ಒಂದು ಮಿಡಿತಕ್ಕೆ 0.2 ನ್ಯಾನೊಸೆಕೆಂಡ್, ಅಷ್ಟರಲ್ಲಿ ಬೆಳಕು ಕೂಡ ಸುಮಾರು 6 ಸೆಂಟಿಮೀಟರ್ ಮಾತ್ರ ಸಾಗೀತು. ಒಂದು ಹಂತದ ಫಲಿತಾಂಶ ಮುಂದಿನ ಮಿಡಿತಕ್ಕೆ ಮೊದಲು ತಲುಪಬೇಕು. ತಲುಪದಿದ್ದರೆ ಯಂತ್ರ ನೀಲಿ ಪರದೆ ತೋರಿಸಿ ನಿಲ್ಲಬಹುದು, ಇಲ್ಲವೆ ತಪ್ಪು ಅಂಕಿಯನ್ನು ಸರಿಯೆಂದೇ ತಿಳಿದು ಮುಂದುವರಿಯಬಹುದು. ಮೊದಲನೆಯದು ಬಿದ್ದ ಬಾಂಡಲಿ, ಎರಡನೆಯದು ಚೆಲ್ಲಿದ ಹಿಡಿ. ಸ್ಥಿರತೆಯ ಪರೀಕ್ಷೆಗೆ ಕಷ್ಟ ಕೊಡುವುದು ಈ ಎರಡನೆಯದೇ.

ಬಿಸಿ, ಹಳತಾಗುವಿಕೆ, ವೋಲ್ಟೇಜಿನ ಏರಿಳಿತ ಇವನ್ನೆಲ್ಲ ತಡೆದುಕೊಳ್ಳಲೆಂದು ತಯಾರಕರು ಗೊತ್ತುಮಾಡಿದ ವೇಗಕ್ಕೂ ಚಿಪ್‌ನ ನಿಜವಾದ ಮಿತಿಗೂ ನಡುವೆ ಸ್ವಲ್ಪ ಅಂತರ ಬಿಡುತ್ತಾರೆ. ಓವರ್‌ಕ್ಲಾಕ್ ಮಾಡುವವರು ಬಳಸಿಕೊಳ್ಳುವುದು ಈ ಅಂತರವನ್ನು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ಹೆಸರಾದ ಉದಾಹರಣೆ. ಚಿಪ್ ಓಡುವ ವೇಗ ಬಸ್ ವೇಗವನ್ನು, ಅಂದರೆ ಮದರ್‌ಬೋರ್ಡಿನ ಮೂಲ ಮಿಡಿತವನ್ನು, ಒಂದು ಗುಣಕದಿಂದ ಗುಣಿಸಿದಷ್ಟು. 300ಎಯ ಗುಣಕ 4.5, ಬಸ್ ವೇಗ 66 ಮೆಗಾಹರ್ಟ್ಸ್. ಬಸ್ಸನ್ನು 100ಕ್ಕೆ ಏರಿಸಿದರೆ 300ರ ಚಿಪ್ 450ಕ್ಕೆ ಓಡುತ್ತಿತ್ತು, ಮತ್ತು ಅನೇಕ ಚಿಪ್‌ಗಳು ಓಡಿದವು. ಆದರೆ ಈ ಲಾಭಕ್ಕೆ ಬೆಲೆಯಿದೆ. ಚಿಪ್ ಕೆಲಸಕ್ಕೆ ತಿನ್ನುವ ವಿದ್ಯುತ್ತು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇ. 10ರಷ್ಟು ಏರಿಸಿದರೆ 1.1ನ್ನು ಮೂರು ಸಲ ಗುಣಿಸಿದಂತಾಗಿ ವಿದ್ಯುತ್ತು ಶೇ. 33ರಷ್ಟು ಹೆಚ್ಚುತ್ತದೆ, ಮತ್ತು ಅಷ್ಟೂ ಬಿಸಿಯಾಗಿ ಹೊರಬರಬೇಕು.

3. ಅಂಕಗಣಿತ ಕೊಟ್ಟ ಅಳತೆಗೋಲು

ಚೆಲ್ಲಿದ ಹಿಡಿಯನ್ನು ಹಿಡಿಯಬೇಕಾದರೆ ಉತ್ತರ ಮೊದಲೇ ಗೊತ್ತಿರುವ ದೊಡ್ಡ ಲೆಕ್ಕ ಬೇಕು. ಹವ್ಯಾಸಿಗಳಿಗೆ ಅದು ಸಿಕ್ಕಿದ್ದು ಗಣಿತದಿಂದ. ಟೋಕಿಯೊ ವಿಶ್ವವಿದ್ಯಾಲಯದ ಯಸುಮಾಸ ಕನಡ ಅವರ ಪ್ರಯೋಗಾಲಯದ ಪೈ ಲೆಕ್ಕದಿಂದ 1995ರಲ್ಲಿ ಹುಟ್ಟಿದ ಸೂಪರ್ ಪೈ ಒಂದು. 1996ರ ಜನವರಿಯಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಹುಡುಕಾಟ, ಅಂದರೆ ಗಿಂಪ್ಸ್, ಮತ್ತು ಅದರ ತಂತ್ರಾಂಶ ಪ್ರೈಮ್95 ಇನ್ನೊಂದು. ಯಂತ್ರಗಳನ್ನು ಎಷ್ಟು ನಂಬಬಹುದೆಂದು ಅಳೆಯಲು ಪ್ರೈಮ್95ರೊಳಗೆ ಇಟ್ಟ ಪರೀಕ್ಷೆಯೇ ಹವ್ಯಾಸಿಗಳ ಪಾಲಿಗೆ ಮುಖ್ಯ ಸ್ಟ್ರೆಸ್ ಟೆಸ್ಟ್ ಆಯಿತು.

ಆ ಲೆಕ್ಕದ ಸ್ವಭಾವವನ್ನು ಕಾಗದದ ಮೇಲೆ ನೋಡಬಹುದು. 31 ಅವಿಭಾಜ್ಯವೇ ಎಂದು ಲೂಕಾಸ್–ಲೆಹ್ಮರ್ ವಿಧಾನದಲ್ಲಿ ಕೇಳೋಣ. 31 ಎಂದರೆ 2ರ 5ನೇ ಘಾತದಿಂದ 1 ಕಳೆದದ್ದು, ಮರ್ಸೆನ್ ಸಂಖ್ಯೆಗಳೆಲ್ಲ ಈ ರೂಪದವು. 4ರಿಂದ ಆರಂಭಿಸಿ, ಪ್ರತಿ ಹೆಜ್ಜೆಯಲ್ಲೂ ವರ್ಗ ಮಾಡಿ 2 ಕಳೆದು, 31ರಿಂದ ಭಾಗಿಸಿ ಶೇಷ ಉಳಿಸಿಕೊಳ್ಳಬೇಕು. 4ರಿಂದ 14 ಬರುತ್ತದೆ. 14ರಿಂದ 194, ಶೇಷ 8. 8ರಿಂದ 62, ಶೇಷ 0. ಮೂರನೇ ಹೆಜ್ಜೆಗೆ ಸೊನ್ನೆ ಬಂದದ್ದರಿಂದ 31 ಅವಿಭಾಜ್ಯ. ಈಗ ಎರಡನೇ ಹೆಜ್ಜೆಯಲ್ಲಿ 194ರ ಬದಲು 195 ಆಯಿತೆನ್ನಿ. ಶೇಷ 9 ಆಗುತ್ತದೆ, ಮುಂದಿನದು 79, ಅದರ ಶೇಷ 17. ಒಂದೇ ಒಂದು ಅಂಕಿ ಜಾರಿದ್ದರಿಂದ ಅವಿಭಾಜ್ಯ ಸಂಖ್ಯೆ ವಿಭಾಜ್ಯವೆನಿಸಿಕೊಂಡಿತು. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯೂರಾಂಟ್ ಅವರ ಹುಡುಕಾಟದಲ್ಲಿ ಸಿಕ್ಕ ಅವಿಭಾಜ್ಯ ಸಂಖ್ಯೆಗೆ 4,10,24,320 ಅಂಕಿಗಳಿವೆ, ಅದರ ಲೆಕ್ಕದಲ್ಲಿ 13 ಕೋಟಿಗೂ ಮಿಕ್ಕಿ ಹೆಜ್ಜೆಗಳಿವೆ. ಎಲ್ಲಿ ಒಂದು ಅಂಕಿ ಜಾರಿದರೂ ಕೊನೆಯ ಉತ್ತರ ಕೆಡುತ್ತದೆ. ಈ ಲೆಕ್ಕ ಪ್ರೊಸೆಸರಿಗೆ ಒಳ್ಳೆಯ ಒರೆಗಲ್ಲು ಆದದ್ದು ಇದರಿಂದಲೇ.

ದೊಡ್ಡ ಗುಣಾಕಾರಗಳನ್ನು ಪ್ರೈಮ್95 ಫ್ಲೋಟಿಂಗ್ ಪಾಯಿಂಟ್ ಅಂಕಗಣಿತದಲ್ಲಿ, ಅಂದರೆ ಭಿನ್ನಾಂಶಗಳನ್ನೂ ಹಿಡಿಯುವ ಸಂಖ್ಯೆಗಳಲ್ಲಿ, ಮಾಡಿ, ಬಂದದ್ದನ್ನು ಹತ್ತಿರದ ಪೂರ್ಣಾಂಕಕ್ಕೆ ಹೊಂದಿಸುತ್ತದೆ. ಆ ಹೊಂದಿಕೆಯಲ್ಲಿ ವ್ಯತ್ಯಾಸ 0.4 ಮೀರಿದರೆ ಎಚ್ಚರಿಕೆ ಕೊಡುತ್ತದೆ. ಯಂತ್ರ ನಿಲ್ಲುವವರೆಗೆ ಕಾಯದೆ ಒಳಗಿನ ತಪ್ಪನ್ನು ಹೊರಗೆ ತರುವ ಕ್ರಮ ಇದು.

4. 24 ಗಂಟೆಯ ಗಣಿತ

ಪಾಸಾದದ್ದರ ಬೆಲೆಯನ್ನು ಈಗ ಲೆಕ್ಕ ಹಾಕೋಣ. ಪರಿಸ್ಥಿತಿ ಬದಲಾಗದಿದ್ದರೆ ತಪ್ಪುಗಳು ಆಕಸ್ಮಿಕವಾಗಿ, ಆದರೆ ಒಂದೇ ಸರಾಸರಿ ದರದಲ್ಲಿ ಬರುತ್ತವೆ ಎಂದು ಇಟ್ಟುಕೊಳ್ಳೋಣ. ಸರಾಸರಿ 8 ಗಂಟೆಗೊಂದು ತಪ್ಪು ಮಾಡುವ ಯಂತ್ರದಿಂದ 24 ಗಂಟೆಯಲ್ಲಿ 3 ತಪ್ಪು ನಿರೀಕ್ಷಿಸಬೇಕು. ಅದು ಒಂದೂ ತಪ್ಪಿಲ್ಲದೆ ಪರೀಕ್ಷೆ ದಾಟುವ ಸಂಭವ ಶೇ. 5. ದಿನಕ್ಕೊಂದು ತಪ್ಪು ಮಾಡುವ ಯಂತ್ರ ದಾಟುವ ಸಂಭವ ಶೇ. 37. ಮೂರು ದಿನಕ್ಕೊಂದು ತಪ್ಪು ಮಾಡುವಂಥದ್ದು ಶೇ. 72ರಷ್ಟು ಸಲ ಪಾಸಾಗುತ್ತದೆ.

ಹಾಗಾದರೆ 24 ಗಂಟೆಯ ಪಾಸಿನಿಂದ ಶೇ. 95ರ ಭರವಸೆಯಲ್ಲಿ ಹೇಳಬಹುದಾದದ್ದು ಇಷ್ಟೇ: ಈ ಯಂತ್ರ 8 ಗಂಟೆಗೊಂದಕ್ಕಿಂತ ಹೆಚ್ಚು ತಪ್ಪು ಮಾಡುವುದಿಲ್ಲ. 30 ದಿನಕ್ಕೆ ಒಂದಕ್ಕಿಂತ ಕಡಿಮೆ ಎಂದು ಅದೇ ಭರವಸೆಯಲ್ಲಿ ಹೇಳಬೇಕಾದರೆ 90 ದಿನ ತಪ್ಪಿಲ್ಲದೆ ಓಡಿಸಬೇಕು. ಪರೀಕ್ಷೆಯಲ್ಲಿ ಒಂದು ತಪ್ಪು ಕಂಡರೆ ಯಂತ್ರ ಅಸ್ಥಿರವೆಂದು ಖಚಿತವಾಗಿ ಹೇಳಬಹುದು. ತಪ್ಪು ಕಾಣದಿದ್ದರೆ ಸ್ಥಿರವೆಂದು ಅಷ್ಟೇ ಖಚಿತವಾಗಿ ಹೇಳಲು ಬರುವುದಿಲ್ಲ. ಪರೀಕ್ಷೆ ಬೇಗ ತಿರಸ್ಕರಿಸುತ್ತದೆ, ಬಹಳ ನಿಧಾನವಾಗಿ ಒಪ್ಪುತ್ತದೆ.

5. ಋತು, ರಾತ್ರಿ ಮತ್ತು ಹಗುರ ಕೆಲಸ

ಮೇಲಿನ ಲೆಕ್ಕಕ್ಕೆ "ಪರಿಸ್ಥಿತಿ ಬದಲಾಗದಿದ್ದರೆ" ಎಂಬ ಷರತ್ತಿದೆ. ನಮ್ಮ ಕಡೆ ಆ ಷರತ್ತು ಸುಲಭವಾಗಿ ಮುರಿಯುತ್ತದೆ. ಒಂದೇ ಕೆಲಸ, ಒಂದೇ ಫ್ಯಾನ್ ಇದ್ದರೆ ಚಿಪ್ ತನ್ನ ಸುತ್ತಲ ಗಾಳಿಗಿಂತ ಹೆಚ್ಚುಕಡಿಮೆ ನಿಗದಿಯಾದಷ್ಟು ಡಿಗ್ರಿ ಮೇಲಿರುತ್ತದೆ. ಜನವರಿಯ ರಾತ್ರಿ 18 ಡಿಗ್ರಿಯ ಕೋಣೆಯಲ್ಲಿ 75 ತೋರಿಸಿದ ಚಿಪ್, ಏಪ್ರಿಲ್ ಮಧ್ಯಾಹ್ನ 33 ಡಿಗ್ರಿಯ ಕೋಣೆಯಲ್ಲಿ 90ರ ಹತ್ತಿರ ಬರುತ್ತದೆ. ಚಳಿಗಾಲದ ಪಾಸು ಬೇಸಿಗೆಗೆ ಸಲ್ಲುವುದಿಲ್ಲ.

ಹಗಲು ಕರೆಂಟು ಹೋಗಿಬರುವ ಊರಿನಲ್ಲಿ ಇನ್ನೊಂದು ಓರೆ ಸೇರುತ್ತದೆ. ಅಲ್ಲಿ ಪರೀಕ್ಷೆಯನ್ನು ರಾತ್ರಿ ಹೊತ್ತಿಗೆ ಹಾಕುವುದು ಸಹಜ. ಮೂರು ರಾತ್ರಿ 8 ಗಂಟೆಯಂತೆ ಓಡಿಸಿ ಕೂಡಿದರೆ 24 ಆಗುತ್ತದೆ, ಆದರೆ ಅದು ತಂಪು ಹೊತ್ತಿನ 24. ಯಂತ್ರ ದುಡಿಯುವ ಮಧ್ಯಾಹ್ನದ ಬಗ್ಗೆ ಅದು ಏನನ್ನೂ ಹೇಳಿರುವುದಿಲ್ಲ. ಲೈನಿನ ವೋಲ್ಟೇಜ್ ಏರಿಳಿತದ ಮೇಲೆ ಎಲ್ಲ ದೋಷ ಹೊರಿಸುವುದೂ ಸರಿಯಲ್ಲ. ಒಳ್ಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿನ ವಿದ್ಯುತ್ ಪೂರೈಕೆ ಘಟಕ) ಅದರ ಬಹುಪಾಲನ್ನು ತಾನೇ ತಡೆದುಕೊಳ್ಳುತ್ತದೆ. ಹೆಚ್ಚು ಗಮನಿಸಬೇಕಾದದ್ದು ಪ್ರೊಸೆಸರಿಗೆ ಒಮ್ಮೆಲೇ ಕೆಲಸ ಬಿದ್ದಾಗ ಮದರ್‌ಬೋರ್ಡ್ ಕೊಡುವ ವೋಲ್ಟೇಜಿನಲ್ಲಿ ಆಗುವ ಕುಸಿತವನ್ನು.

ಬಿಸಿ ಹೆಚ್ಚಿದಷ್ಟೂ ಪರೀಕ್ಷೆ ಕಠಿಣ ಎಂಬ ನಂಬಿಕೆಗೂ ಮಿತಿಯಿದೆ. ಎಎಂಡಿ 2020ರಲ್ಲಿ ರೈಜೆನ್ 5000 ಪ್ರೊಸೆಸರ್ ಸರಣಿಗೆ ತಂದ ಕರ್ವ್ ಆಪ್ಟಿಮೈಸರ್ ಸೌಲಭ್ಯದಲ್ಲಿ ಪ್ರತಿ ಕೋರಿನ (ಪ್ರೊಸೆಸರಿನೊಳಗೆ ಪ್ರತ್ಯೇಕವಾಗಿ ಲೆಕ್ಕ ಮಾಡುವ ಘಟಕದ) ವೋಲ್ಟೇಜನ್ನು ಬೇರೆಬೇರೆಯಾಗಿ ಇಳಿಸಬಹುದು. ಎಲ್ಲ ಕೋರ್‌ಗಳೂ ದುಡಿಯುವಾಗ ವೇಗ ತಾನಾಗಿ ತಗ್ಗಿರುತ್ತದೆ, ಯಂತ್ರ ಸ್ಥಿರವಾಗಿರುತ್ತದೆ. ಒಂದೇ ಕೋರ್ ಹಗುರ ಕೆಲಸಕ್ಕೆ ಅತಿ ವೇಗಕ್ಕೆ ಜಿಗಿದಾಗ ಕುಸಿಯಬಹುದು. ರಾತ್ರಿಯೆಲ್ಲ ಭಾರ ಹೊತ್ತ ಯಂತ್ರ ಬೆಳಿಗ್ಗೆ ಬ್ರೌಸರ್ ತೆರೆದಾಗ ಬಿದ್ದರೆ ಆಶ್ಚರ್ಯಪಡಬೇಕಿಲ್ಲ. ಹವ್ಯಾಸಿಗಳು ಇದನ್ನು ಕಂಡುಕೊಂಡು, ಪ್ರೈಮ್95ನ್ನು ಒಂದೊಂದೇ ಕೋರಿನ ಮೇಲೆ ಸರದಿಯಂತೆ ಓಡಿಸುವ ಕೋರ್‌ಸೈಕ್ಲರ್‌ನಂಥ ಸಾಧನಗಳನ್ನು ಮಾಡಿಕೊಂಡರು. ತಮ್ಮ ಪರೀಕ್ಷೆಯ ಕೊರತೆಯನ್ನು ತಾವೇ ಗುರುತಿಸಿ ತಿದ್ದಿಕೊಂಡ ಈ ನಡೆಯನ್ನು ಸಂಶೋಧನೆ ಎಂದೇ ಕರೆಯಬೇಕು.

6. ಲೆಕ್ಕದೊಳಗೇ ತಾಳೆ

90 ದಿನದ ಪರೀಕ್ಷೆ ಯಾರಿಂದಲೂ ಆಗುವುದಿಲ್ಲವಾದರೆ ದಾರಿ ಯಾವುದು? ಶಾಲೆಯಲ್ಲಿ ಭಾಗಾಕಾರ ಮುಗಿಸಿದ ಮೇಲೆ ತಾಳೆ ನೋಡಿ ಎನ್ನುತ್ತಿದ್ದರು. ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ ಶೇಷ ಕೂಡಿದರೆ ಭಾಜ್ಯ ಬರಬೇಕು. ಲೆಕ್ಕವನ್ನು ಮತ್ತೆ ಮಾಡದೆ, ಬೇರೊಂದು ದಾರಿಯಿಂದ ಹೋಗಿ ಅದೇ ಜಾಗ ತಲುಪಿದೆವೇ ಎಂದು ನೋಡುವ ಕ್ರಮ ಇದು.

ಗಿಂಪ್ಸ್ ಬಹುಕಾಲ ಪ್ರತಿ ಲೆಕ್ಕವನ್ನು ಎರಡು ಸಲ ಮಾಡಿಸಿ ಉತ್ತರಗಳನ್ನು ಹೋಲಿಸುತ್ತಿತ್ತು. ಅಂದರೆ ಶ್ರಮ ಇಮ್ಮಡಿ. 2017ರಲ್ಲಿ ರಾಬರ್ಟ್ ಗರ್ಬಿಚ್ ತೋರಿಸಿದ ವಿಧಾನ ಇದನ್ನು ಬದಲಿಸಲು ದಾರಿ ಮಾಡಿತು. ಅವಿಭಾಜ್ಯತೆಯ ಇನ್ನೊಂದು ಪರೀಕ್ಷೆಯಲ್ಲಿ ಪ್ರತಿ ಹೆಜ್ಜೆಯೂ ಬರೀ ವರ್ಗ ಮಾಡುವುದು. ಪ್ರತಿ 1,000 ಹೆಜ್ಜೆಗೊಮ್ಮೆ ಬಂದ ಸಂಖ್ಯೆಯನ್ನು ಒಂದು ಗುಣಲಬ್ಧಕ್ಕೆ ಸೇರಿಸುತ್ತ ಹೋಗಬೇಕು. ಹೊಸ ಗುಣಲಬ್ಧ ಎರಡು ದಾರಿಯಲ್ಲಿ ಸಿಗುತ್ತದೆ. ಹಳೆಯದನ್ನು ಹೊಸ ಸಂಖ್ಯೆಯಿಂದ ಗುಣಿಸುವುದು ಒಂದು. ಹಳೆಯದನ್ನೇ 1,000 ಸಲ ವರ್ಗ ಮಾಡಿ, ಮೊಟ್ಟಮೊದಲ ಸಂಖ್ಯೆಯಿಂದ ಗುಣಿಸುವುದು ಇನ್ನೊಂದು. ಎರಡೂ ಒಂದೇ ಆಗಬೇಕು. 10 ಲಕ್ಷ ಹೆಜ್ಜೆಗೊಮ್ಮೆ ಹೀಗೆ ತಾಳೆ ನೋಡಿದರೆ ಹೆಚ್ಚುವರಿ ಕೆಲಸ ಸುಮಾರು 2,000 ಗುಣಾಕಾರ, ಅಂದರೆ ಶೇ. 0.2. ತಾಳೆಯಾಗದಿದ್ದರೆ ಹಿಂದಿನ ಸಲ ತಾಳೆಯಾದ ಜಾಗಕ್ಕೆ ಹಿಂತಿರುಗಿ ಅಲ್ಲಿಂದ ಮುಂದುವರಿದರಾಯಿತು.

ಈ ಬದಲಾವಣೆಯಿಂದ ಸ್ಥಿರತೆಯ ಅರ್ಥವೇ ಬೇರೆಯಾಗುತ್ತದೆ. ಯಂತ್ರ ಎಂದೂ ತಪ್ಪದು ಎಂದು ಪ್ರಮಾಣ ಕೇಳುವ ಅಗತ್ಯ ಉಳಿಯುವುದಿಲ್ಲ. ತಪ್ಪಿದಾಗ ತಿಳಿಯುವ ಏರ್ಪಾಡು ಇದ್ದರೆ ಸಾಕು.

7. ಕಾರ್ಖಾನೆಯ ವೇಗವೂ ಪರೀಕ್ಷೆಗೆ ಹೊರತಲ್ಲ

ಹವ್ಯಾಸಿಗಳ ಈ ಶಿಸ್ತು ಓವರ್‌ಕ್ಲಾಕ್ ಮಾಡದವರಿಗೂ ಉಪಕಾರ ಮಾಡಿದೆ. 2016ರ ಜನವರಿಯಲ್ಲಿ ಪ್ರೈಮ್95ರ ಒಂದು ನಿರ್ದಿಷ್ಟ ಲೆಕ್ಕ ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರ್‌ಗಳನ್ನು ಅವುಗಳ ಸಾಮಾನ್ಯ ವೇಗದಲ್ಲೇ ನಿಲ್ಲಿಸಿಬಿಡುತ್ತದೆ ಎಂದು ಹೊರಬಿತ್ತು. ಇಂಟೆಲ್ ದೋಷವನ್ನು ಒಪ್ಪಿಕೊಂಡು ಬಯೋಸ್ ಮೂಲಕ ತಿದ್ದುಪಡಿ ಕೊಟ್ಟಿತು. ಹವ್ಯಾಸಿಗಳ ವಲಯದ ಹೊರಗೂ ಇಂಥ ದೋಷಗಳು ಕಂಡಿವೆ. 2021ರಲ್ಲಿ ಫೇಸ್‌ಬುಕ್ ಮತ್ತು ಗೂಗಲ್‌ನ ಎಂಜಿನಿಯರುಗಳು ಬೇರೆಬೇರೆಯಾಗಿ, ತಮ್ಮ ದತ್ತಾಂಶ ಕೇಂದ್ರಗಳ ಕೆಲವು ಕೋರ್‌ಗಳು ಸದ್ದಿಲ್ಲದೆ ತಪ್ಪು ಲೆಕ್ಕ ಮಾಡುತ್ತಿದ್ದುದನ್ನು ವರದಿ ಮಾಡಿದರು. ಫೇಸ್‌ಬುಕ್ ಕೊಟ್ಟ ಉದಾಹರಣೆಯಲ್ಲಿ 1.1ರ 53ನೇ ಘಾತದ ಪೂರ್ಣಾಂಕ ಭಾಗ 156 ಆಗಬೇಕಿದ್ದದ್ದು ಒಂದು ಕೋರಿನಲ್ಲಿ 0 ಆಗುತ್ತಿತ್ತು. ಕಡತದ ಅಳತೆ ಸೊನ್ನೆ ಎಂದಾದಾಗ ಆ ಕಡತವೇ ಕಳೆದುಹೋಗುತ್ತಿತ್ತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್‌ನಿಂದ ಅಸ್ಥಿರತೆ ಕಾಣಿಸಿಕೊಂಡು, ಕಂಪನಿ ಮೈಕ್ರೊಕೋಡ್ ತಿದ್ದುಪಡಿ ಕೊಟ್ಟು ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಚಿಪ್‌ನಲ್ಲಿ ಬಿಟ್ಟ ಅಂತರ ಶಾಶ್ವತವಲ್ಲ, ಅದು ಸವೆಯುತ್ತದೆ.

ಪ್ರೊಸೆಸರ್ ವಿನ್ಯಾಸ ನಮಗೆ ದೂರದ ವಿದ್ಯೆಯೂ ಅಲ್ಲ. 2008ರ ಸೆಪ್ಟೆಂಬರಿನಲ್ಲಿ ಬಂದ ಇಂಟೆಲ್‌ನ 6 ಕೋರ್‌ಗಳ ಜಿಯಾನ್ 7400, ಸುಮಾರು 190 ಕೋಟಿ ಟ್ರಾನ್ಸಿಸ್ಟರ್‌ಗಳ ಚಿಪ್, ರೂಪುಗೊಂಡದ್ದು ಬೆಂಗಳೂರಿನಲ್ಲಿ. ವಿನ್ಯಾಸದಷ್ಟೇ ದುಡಿಮೆ ಅದನ್ನು ಪರೀಕ್ಷಿಸುವುದಕ್ಕೂ ಬೇಕು. ಮನೆಯಲ್ಲಿ ರಾತ್ರಿ ಕೂತು ಪ್ರೈಮ್95 ಓಡಿಸುವ ಹವ್ಯಾಸಿ ಆ ದೊಡ್ಡ ಕೆಲಸದ ಒಂದು ಎಳೆಯನ್ನು ತನ್ನ ಕೈಗೆ ತೆಗೆದುಕೊಂಡಿರುತ್ತಾನೆ.

8. ನಿಲುವು

ಇಷ್ಟರಿಂದ ಮೂರು ಮಾತು ಹೇಳಬಹುದು. ಮೊದಲನೆಯದು, ಪರೀಕ್ಷೆಯ ಫಲಿತಾಂಶವನ್ನು "ಸ್ಥಿರ" ಎಂಬ ಒಂದು ಪದದಲ್ಲಿ ಬರೆಯಬಾರದು. ಎಷ್ಟು ಗಂಟೆ, ಯಾವ ಲೆಕ್ಕ, ಕೋಣೆಯ ಉಷ್ಣತೆ ಎಷ್ಟು, ಎಷ್ಟು ಕೋರ್ ಮೇಲೆ ಎಂಬುದನ್ನೂ ಜೊತೆಗೆ ಬರೆದಿಡಬೇಕು. ಎರಡನೆಯದು, ಸೆಕೆಂಡ್ ಹ್ಯಾಂಡ್ ಯಂತ್ರ ಮನೆಗೆ ಬಂದಾಗ ಮೊದಲ ಕೆಲಸ ಬಯೋಸನ್ನು ಮೂಲ ಸ್ಥಿತಿಗೆ ತರುವುದು. ಪರೀಕ್ಷೆಯನ್ನು ಆ ನಂತರ, ಬೇಸಿಗೆಯ ಮಧ್ಯಾಹ್ನದಲ್ಲಿ ಮಾಡಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಅವಿಭಾಜ್ಯ ಹುಡುಕುವ ಲೆಕ್ಕಕ್ಕೆ ಒಳಗಿನ ತಾಳೆ ಇದೆ. ಸಂಘದ ಜಮಾಖರ್ಚಿಗೆ, ಅಂಕಪಟ್ಟಿಗೆ, ಫೋಟೊಗೆ ಅಂಥದ್ದಿಲ್ಲ. ಅಲ್ಲಿ ಒಂದು ಅಂಕಿ ಜಾರಿದರೆ ವರ್ಷಗಳ ನಂತರ ಯಾರಿಗೋ ಗೊತ್ತಾದೀತು, ಗೊತ್ತಾಗದೆಯೂ ಹೋದೀತು. ಆದ್ದರಿಂದ ತಾಳೆ ಇರುವ ಕೆಲಸಕ್ಕೆ ವೇಗ ಏರಿಸಿಕೊಳ್ಳಲಿ, ತಾಳೆ ಇಲ್ಲದ ಕೆಲಸವನ್ನು ತಯಾರಕರು ಗೊತ್ತುಮಾಡಿದ ವೇಗದಲ್ಲೇ ಮಾಡಲಿ. ಕಡತ ನಕಲು ಮಾಡಿದಾಗ ಮೂಲದ ಮತ್ತು ನಕಲಿನ ಚೆಕ್‌ಸಮ್, ಅಂದರೆ ಕಡತದ ಅಂಕಿಗಳಿಂದಲೇ ಲೆಕ್ಕ ಹಾಕಿದ ಚಿಕ್ಕ ಗುರುತನ್ನು, ಹೋಲಿಸಿ ನೋಡಲಿ. ಅದಕ್ಕೆ ಒಂದೆರಡು ನಿಮಿಷ ಸಾಕು. ಸ್ಲೇಟಿನ ಮೇಲೆ ಭಾಗಾಕಾರ ಮುಗಿಸಿದ ಮೇಲೂ ನಾವು ಮಾಡುತ್ತಿದ್ದದ್ದು ಅದನ್ನೇ.