ರೋಮಾ ಮಕ್ಕಳ ನಡುವೆ ಒಂದು ಸೆಮಿಸ್ಟರ್: ತಿಳಿದಿರಬೇಕಾದ ಸಂಗತಿಗಳು

ಅರಕಲಗೂಡು: ಸೆಮಿಸ್ಟರ್ ಅವಧಿಗೆ ಯೂರೋಪಿಗೆ ತೆರಳಿ ಹಿಂದುಳಿದ ರೋಮಾ ಸಮುದಾಯದಲ್ಲಿ ಸ್ವಯಂಸೇವೆ ಸಲ್ಲಿಸುವ ವಿದ್ಯಾರ್ಥಿಗಳಿಗೆ ಹೆಚ್ಚಾಗಿ ದೊರೆಯುವ ಕೆಲಸ, ಶಾಲೆ ಬಿಟ್ಟ ಬಳಿಕ ಮಕ್ಕಳಿಗೆ ಪಾಠ ಹೇಳಿಕೊಡುವುದು. ಕೆಲಸ ಚಿಕ್ಕದೆನಿಸಿದರೂ ಅದರ ಹಿನ್ನೆಲೆ ಚಿಕ್ಕದಲ್ಲ.

ರೋಮಾಗಳ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರ ಭಾರತದಿಂದ ವಲಸೆ ಹೋದವರು. ಅವರ ರೋಮಾನಿ ಭಾಷೆಯಲ್ಲಿ ನೀರಿಗೆ ಇಂದಿಗೂ ‘ಪಾನಿ’ ಎಂದೇ ಹೆಸರು. ಜೆಕ್ ಗಣರಾಜ್ಯದ ಓಸ್ಟ್ರಾವಾ ನಗರದಲ್ಲಿ ರೋಮಾ ಮಕ್ಕಳನ್ನು ಭಾರಿ ಪ್ರಮಾಣದಲ್ಲಿ ಬುದ್ಧಿಮಾಂದ್ಯರ ವಿಶೇಷ ಶಾಲೆಗಳಿಗೆ ಸೇರಿಸಲಾಗುತ್ತಿತ್ತು. 18 ಮಂದಿ ಹೂಡಿದ್ದ ದಾವೆಯಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು 2007ರ ನವೆಂಬರ್ 13ರಂದು ಇದನ್ನು ತಾರತಮ್ಯವೆಂದು ಸಾರಿತು. ಮಕ್ಕಳ ಬುದ್ಧಿಮತ್ತೆ ಅಳೆಯುವ ಪರೀಕ್ಷೆಗಳೇ ಪಕ್ಷಪಾತದಿಂದ ಕೂಡಿರುವ ಅಪಾಯವನ್ನೂ ಅದು ಗುರುತಿಸಿತು.

ಇದನ್ನು ಅರಿಯಲು ಹಾಸನ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಮಕ್ಕಳಿಗೆ ಮನೆಮಾತು ಗುಜರಾತಿಗೆ ಸಮೀಪದ ವಾಗ್ರಿ, ಶಾಲೆಯ ಮಾತು ಕನ್ನಡ. (ರೋಮಾಗಳೊಡನೆ ಇವರಿಗೆ ನೇರ ನಂಟು ಕಲ್ಪಿಸುವುದು ಆತುರವಾದೀತು.) 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯ ಕಸುಬು ಕೈತಪ್ಪಿ, ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾವರೆಗೂ ಹೋಗುವವರು ಈ ಸಮುದಾಯದವರು. 2023ರ ಏಪ್ರಿಲ್‌ನಲ್ಲಿ ಸೂಡಾನ್ ಸಂಘರ್ಷದಲ್ಲಿ ಸಿಲುಕಿದ ಕನ್ನಡಿಗರಲ್ಲಿ ಇವರೂ ಇದ್ದರು.

ಸ್ವಯಂಸೇವಕರ ಸೆಮಿಸ್ಟರ್ ಮುಗಿದರೂ ಮಕ್ಕಳ ಶಾಲೆ ಮುಗಿಯುವುದಿಲ್ಲ. ಆನಂತರ ಪಾಠ ಮುಂದುವರಿಸುವವರು ಯಾರೆಂಬುದನ್ನು ಹೊರಡುವ ಮುನ್ನವೇ ಸಂಸ್ಥೆಯನ್ನು ವಿಚಾರಿಸುವುದು ಒಳಿತು.